ಸ್ವಂತ ವಾಕ್ಯದಲ್ಲಿ ದಿಗಿಲು

ಗುರುವಾರ, ಜುಲೈ 11

‘ದಿಗಿಲು’ ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಿ ಎಂದು ನಾಲ್ಕನೇ ತರಗತಿಗೆ ಕೊಟ್ಟಿದ್ದೆ. ಉಳಿದವರೆಲ್ಲ ಹಾವು, ಗುಡುಗು, ಪರೀಕ್ಷೆ ಎಂದು ಬರೆದಿದ್ದರೆ, ಕಿಟಕಿ ಪಕ್ಕ ಕೂರುವ ಹುಡುಗಿ, “ಅಪ್ಪನ ಬೈಕು ಗೇಟಿನ ಹತ್ತಿರ ಬಂದು ನಿಂತರೆ ಅಮ್ಮನಿಗೂ ನನಗೂ ದಿಗಿಲಾಗುತ್ತದೆ” ಎಂದು ಬರೆದಿದ್ದಳು. ನನ್ನ ಬುದ್ಧಿಗೆ ಮಂಕು ಬಡಿದಿತ್ತು. ಪದಬಳಕೆ ಸರಿಯಿದೆ ಎಂದು ಕೆಂಪು ಪೆನ್ನಿನಲ್ಲಿ ‘ಉತ್ತಮ’ ಬರೆದು, “ನಾಳೆ ಅಪ್ಪನ ಸಹಿ ಹಾಕಿಸ್ಕೊಂಡು ಬಾ” ಅಂದೆ.

“ಅಮ್ಮಂದು ಆಗಲ್ವಾ ಮಿಸ್?”

“ಎಲ್ರಿಗೂ ಒಂದೇ ರೂಲ್ಸ್ ಕಣೇ.”

ಅವಳು ಪುಸ್ತಕವನ್ನು ಚೀಲದ ತಳಕ್ಕೆ ತುರುಕಿದಳು.

ಈಗ ಫೋನ್ ಹಿಡಿದು ಕೂತಿದ್ದೇನೆ. ನನ್ನ ಹತ್ತಿರ ಇರುವುದು ಅವಳ ಅಪ್ಪನ ನಂಬರೊಂದೇ. ಅವನಿಗೆ ಏನೆಂದು ಹೇಳಲಿ? ಮಗಳ ಪುಸ್ತಕ ನೋಡಬೇಡಿ ಅನ್ನಲೇ? ಇಷ್ಟು ಹೊತ್ತಿಗೆ ಬೈಕು ಗೇಟಿನ ಹತ್ತಿರ ಬಂದು ನಿಂತಿರುತ್ತದೆ.