ಅವರ ಬಾಯಿ, ನನ್ನ ಬಾಯಿ

ಭಾನುವಾರ, ಜೂನ್ ೧೨

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ನಿನ್ನ ಕಾಗದಕ್ಕೆ ಉತ್ತರ ಬರೆಯಲು ತಡವಾಯಿತು, ಬೈಯಬೇಡ. ಶಾಲೆಯ ಸಮವಸ್ತ್ರ ಹೊಲಿಯುವ ಕಾಲ. ಅಂಗಡಿಯಲ್ಲಿ ನಮ್ಮಿಬ್ಬರ ಮಿಷನ್‌ಗಳಿಗೂ ಬಿಡುವೇ ಇಲ್ಲ.

ನಮ್ಮ ಯಜಮಾನರು ಹೊಗೆಸೊಪ್ಪು ಬಿಟ್ಟ ಸುದ್ದಿ ನಿನ್ನ ಕಿವಿಗೂ ಬಿದ್ದಿರಬೇಕು. ಬೀದಿಯೇ ಕೊಂಡಾಡುತ್ತಿದೆ. ಒಸಡಿನಲ್ಲಿ ರಕ್ತ ಬರುವುದು ನಿಂತಿದೆ, ಬಾಯಿಯ ವಾಸನೆ ಹೋಗಿದೆ. ನಾಲಿಗೆಗೆ ರುಚಿ ಬೇರೆ ಮರಳಿದೆ! "ಇವತ್ತು ಉಪ್ಪು ಒಂಚೂರು ಜಾಸ್ತಿ ಆಯ್ತು ಕಣೇ" ಅನ್ನುತ್ತಾರೆ. ಇಷ್ಟು ವರ್ಷ ಮಣ್ಣು ಬಡಿಸಿದ್ದರೂ ಉಣ್ಣುತ್ತಿದ್ದ ಮನುಷ್ಯ.

ಮೊದಲೆಲ್ಲ ಕೆನ್ನೆಯಲ್ಲಿ ಸೊಪ್ಪು ಒತ್ತಿಕೊಂಡರೆ ಮಾತೇ ಇರುತ್ತಿರಲಿಲ್ಲ. ಗಿರಾಕಿ ಏನು ಕೇಳಿದರೂ "ಹ್ಞೂಂ" ಅಷ್ಟೇ. ಹಾಗೆ ಹ್ಞೂಂಗುಟ್ಟಿಯೇ ಟೀಚರಮ್ಮನ ಅರ್ಧ ತೋಳಿನ ರವಿಕೆಗೆ ಪೂರ್ತಿ ತೋಳು ಹೊಲಿದು ಬೈಸಿಕೊಂಡಿದ್ದರು. ಮೊನ್ನೆ ಅದೇ ಟೀಚರಮ್ಮ "ನಿಮ್ಮ ನಗು ಎಷ್ಟು ಚೆನ್ನಾಗಿದೆ ರೀ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಇವರೋ, "ಹಲ್ಲಿನ ಆಸ್ಪತ್ರೆ ನರ್ಸ್ ಹೇಳಿದ್ರು, ಬಿಟ್ಟೇಬಿಟ್ಟೆ" ಎಂದು ಎದೆಯುಬ್ಬಿಸಿದರು.

ನಾನೂ ಅದೇ ದಿನ ಬಿಟ್ಟೆ, ಅಕ್ಕಾ. ನಮ್ಮಿಬ್ಬರಿಗೂ ಡಬ್ಬಿ ಒಂದೇ ತಾನೆ? ಹೊಸದಾಗಿ ಮಿಷನ್ ತುಳಿಯಲು ಕೂತಾಗ "ಒಂಚೂರು ಹಾಕ್ಕೋ, ಬೆನ್ನುನೋವು ಗೊತ್ತಾಗಲ್ಲ" ಎಂದು ಕಲಿಸಿದವರೇ ಅವರು. ಬಿಟ್ಟ ಮೇಲೆ ನನಗೆ ತಲೆ ಸಿಡಿದದ್ದು, ಹೊಲಿಗೆ ತಪ್ಪಿ ಸೂಜಿ ಚುಚ್ಚಿಕೊಂಡದ್ದು ಯಾರ ಗಮನಕ್ಕೂ ಬರಲಿಲ್ಲ. ಗಂಡಸು ಬಿಟ್ಟರೆ ಅದೊಂದು ಸಾಹಸ ಅಂತಾರೆ. ನಾನು ಬಿಟ್ಟೆ ಎಂದರೆ ಪಕ್ಕದ ಮನೆಯವಳು "ಅಯ್ಯೋ, ನೀವೂ ಹಾಕ್ತಿದ್ರಾ?" ಎಂದು ಮೂಗು ಮುರಿದಳು.

ಇರಲಿ ಬಿಡು. ಭಾವನಿಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ಈ ಚಿಕ್ಕಮ್ಮನ ಆಶೀರ್ವಾದ, ನೂರು ಕಾಲ ನಗುನಗುತ್ತಾ ಬಾಳಲಿ.

ಇಂತಿ ನಿನ್ನ,
ಸಿಡುಕಿ

ತಾ.ಕ.: ನಿನ್ನ ಹತ್ತಿರ ಮುಚ್ಚಿಡಲಾರೆ. ಆ ದಿನ ನರ್ಸ್ ನಮ್ಮಿಬ್ಬರ ಬಾಯಿಯನ್ನೂ ನೋಡಿದರು. ಯಜಮಾನರದು ಸಲೀಸಾಗಿ ತೆರೆಯಿತು. ನನ್ನದರಲ್ಲಿ ಎರಡು ಬೆರಳೂ ತೂರಲಿಲ್ಲ. ಕೆನ್ನೆಯೊಳಗೆ ಒಂದು ಹುಣ್ಣು ಆರುತ್ತಲೇ ಇಲ್ಲ. ಮೊನ್ನೆ ಡಾಕ್ಟರು ಅದರ ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಗುರುವಾರ ಗೊತ್ತಾಗುತ್ತದೆ. "ಏನೂ ಆಗಲ್ಲ, ನಾನಿದ್ದೀನಲ್ಲ" ಅನ್ನುತ್ತಾರೆ ಇವರು. ಅವರು ಚೆನ್ನಾಗಿರಲಿ ಎಂದೇ ಬೇಡಿಕೊಳ್ಳುತ್ತೇನೆ, ಆದರೆ ಆ ಬಾಯಿ ಕಂಡರೆ ಹೊಟ್ಟೆಕಿಚ್ಚು ತಡೆಯಲಾಗುವುದಿಲ್ಲ. ಕಲಿಸಿದವರು ಪಾರಾದರು, ಅಕ್ಕಾ. ಗುರುವಾರ ನೀನು ಬಾ. ಅವರ ಜೊತೆ ಆಸ್ಪತ್ರೆಗೆ ನಾನು ಹೋಗಲಾರೆ.