ಸೀಟಿಲ್ಲದ ಸೈಕಲ್ಲು

ನರಗುಂದ

ಅನಂತ ಕಾಕಾ ಅವರಿಗೆ,

ಪಂದ್ಯದ ದಿನ ನನ್ನ ಸೈಕಲ್ಲಿನ ಸೀಟು ಬಿಚ್ಚಿ ತಿಜೋರಿಯಲ್ಲಿಟ್ಟವರು ನೀವೇ ಎಂದು ಗೊತ್ತಾಗಿದೆ. "ಸೀಟಿಲ್ದ ಹ್ಯಾಂಗ ಹೋಗ್ತಾಳ?" ಎಂದುಕೊಂಡಿರಬೇಕು.

ನಮ್ಮಿಬ್ಬರಿಗೂ ತಾಲೀಮು ಕೊಡುವಾಗ ಏರು ಬಂದಾಗಲೆಲ್ಲ ನಿಮ್ಮ ಮಗ ಸುಮೇಧನಿಗೆ "ಏಳಲೇ, ನಿಂತ ತುಳಿ!" ಎಂದು ಕೂಗುತ್ತಿದ್ದಿರಿ. ನನಗೆ ಮಾತ್ರ "ಕುಂತ ತುಳಿ, ಮಂದಿ ನೋಡ್ತಾರ" ಎಂದು ಗದರುತ್ತಿದ್ದಿರಿ. ಕೂತು ತುಳಿದರೆ ದಮ್ಮು ಉಳಿಯುತ್ತದೆ, ಖರೆ. ಆದರೆ ಪಂದ್ಯದ ದಿನ ಕೂರಲು ನೀವು ಏನನ್ನೂ ಬಿಟ್ಟಿರಲಿಲ್ಲ.

ಗಜೇಂದ್ರಗಡದ ಗುಡ್ಡವನ್ನು ಬುಡದಿಂದ ತುದಿಯವರೆಗೆ ನಿಂತೇ ಏರಿದೆ. ಮಂದಿ ನೋಡಿದರು. ನನ್ನ ಹಿಂದೆ ಬಂದ ಸುಮೇಧನನ್ನೂ ನೋಡಿದರು.

ಸೀಟನ್ನು ಅವನ ಕೈಯಲ್ಲೇ ಕಳಿಸಿ. ಅದು ನನಗೆ ಇಳಿಯುವಾಗ ಬೇಕು, ಏರುವಾಗ ಅಲ್ಲ.

ಇನ್ನು ಮುಂದೆ ನಿಮ್ಮ ಶಿಷ್ಯೆಯಲ್ಲದ,
ನಮ್ರತಾ