ಸೀಸೆಯಲ್ಲಿ ಬಾಯಿ ಮುಚ್ಚಿದ ಹುಳ

ಗಂಗೊಳ್ಳಿ ಮೇಲ್ದಿಬ್ಬ
ಎರಡು ಸಾವಿರದ ನಾನೂರ ಹದಿನೇಳನೆಯ ಇಸವಿ, ಹದಿಮೂರನೆಯ ತಿಂಗಳು, ಎರಡನೆಯ ಇಳಿತ

ಸುಕನ್ಯಾ ಕಾಂಚನ್ ಅವರಿಗೆ ಅಕ್ಕಣಿ ಮಾಡುವ ನಮಸ್ಕಾರ.

ತಾರೀಖು ನೋಡಿ, ಯಾರೋ ತಮಾಷೆ ಮಾಡಿದ್ದಾರೆಂದು ಈ ಕಾಗದವನ್ನು ಮುದ್ದೆ ಮಾಡಿ ಎಸೆಯಬೇಡಿ. ನಾವು ತಿಂಗಳನ್ನು ಹುಣ್ಣಿಮೆಯಿಂದ ಎಣಿಸುತ್ತೇವೆ, ದಿನವನ್ನು ಕಡಲಿನ ಇಳಿತದಿಂದ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಅರ್ಧ ಕರಗಿದ ಶಾಲೆಯ ಪುಸ್ತಕವೊಂದರಿಂದ ಮತ್ತು ಔಷಧಿ ಡಬ್ಬಿಗಳ ಮೇಲಿನ ಬರಹದಿಂದ. ನಡುವೆ ‘ಊಟದ ನಂತರ ಸೇವಿಸಿ’ ಎಂಬ ಧಾಟಿ ಬಂದರೆ ನಕ್ಕು ಮುಂದೆ ಓದಿ. ಹಿಂದಿನ ಕಾಲಕ್ಕೆ ಕಾಗದ ಒಯ್ಯುವ ನಮ್ಮ ಹಿಮ್ಮೊಗದಂಚೆ ಎರಡು ಹಾಳೆಗಿಂತ ಹೆಚ್ಚು ಹೊರುವುದಿಲ್ಲ. ತಲುಪಿತೋ ಇಲ್ಲವೋ ಎಂದು ತಿಳಿಸುವವರೂ ಇಲ್ಲ. ಇದು ನಾನು ನಿಮಗೆ ಬರೆಯುತ್ತಿರುವ ಮೂರನೆಯ ಕಾಗದ.

ನಾನು ಕೆಸರೋದುವವಳು. ಅಳಿವೆಯ ಕೆಸರಿನಲ್ಲಿ ಯಾವ ಹುಳವಿದೆ ಎಂದು ನೋಡಿ, ಅಲ್ಲಿನ ಚಿಪ್ಪುಗಳೊಳಗಿನ ಮಾಂಸವನ್ನು ತಿನ್ನಬಹುದೇ ಎಂದು ಊರಿಗೆ ಹೇಳುವುದು ನನ್ನ ಕೆಲಸ. ಮುಳುಗಿದ ಪಟ್ಟಣಗಳ ಲೋಹದ ವಿಷ ಕೆಲವು ಕೆಸರು ಬಯಲುಗಳಲ್ಲಿ ಇಳಿದು ಕೂತಿದೆ. ಅದು ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೆ ತಿಳಿಯುವುದಿಲ್ಲ. ಅಳೆಯುವ ಯಂತ್ರಗಳು ನನ್ನ ಅಜ್ಜಿಯ ಕಾಲಕ್ಕೇ ಕೆಟ್ಟವು. ಉಳಿದದ್ದು ಹುಳ ಒಂದೇ. ಶುದ್ಧ ಕೆಸರಿನಲ್ಲಿ ಮಾತ್ರ ಬಾಳುವುದನ್ನು ನಾವು ಸಾಧು ಎನ್ನುತ್ತೇವೆ, ವಿಷದಲ್ಲೇ ಕೊಬ್ಬುವುದನ್ನು ಠಕ್ಕ.

ಹಾಳಾದವು ಎರಡೂ ಒಂದೇ ತಾಯಿಯ ಮಕ್ಕಳ ಹಾಗಿವೆ. ಕಿರುಬೆರಳಿನ ಉದ್ದ, ಸುಮಾರು ತೊಂಬತ್ತು ಉಂಗುರ. ಪ್ರತಿ ಉಂಗುರದ ಎರಡು ಪಕ್ಕದಲ್ಲೂ ದೋಣಿಯ ಹುಟ್ಟಿನಂಥ ಮಾಂಸದ ಕಾಲು, ಒಂದೊಂದು ಕಾಲಿಗೂ ಎರಡೆರಡು ಗೊಂಚಲು ಬಿರುಗೂದಲು. ತಲೆಯ ಮೇಲೆ ನಾಲ್ಕು ಕಣ್ಣು, ಮುಂದೆ ಎರಡು ಪುಟ್ಟ ಮೀಸೆ, ಬಾಲಕ್ಕೆ ಎರಡು ಎಳೆ. ಗುರುತು ಇರುವುದು ಹೊರಗಲ್ಲ, ಗಂಟಲಿನಲ್ಲಿ. ಹುಳ ಕಚ್ಚಲು ಹೊರಟಾಗ, ಕಾಲುಚೀಲವನ್ನು ಒಳಗಿನಿಂದ ಹೊರಗೆ ತಿರುವಿದಂತೆ ಅದರ ಗಂಟಲು ಈಚೆ ಬರುತ್ತದೆ. ತುದಿಯಲ್ಲಿ ಎರಡು ಕಪ್ಪು ಕೊಕ್ಕೆ, ಹಿಂದೆ ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಹಲ್ಲುಗಳು. ಒಂದು ಜಾತಿಗೆ ಗಂಟಲಿನ ಅಡಿಭಾಗದಲ್ಲಿ ಹಲ್ಲಿನ ಸಾಲು ಎಲ್ಲೂ ತುಂಡಾಗದೆ ಹೋಗುತ್ತದೆ. ಇನ್ನೊಂದಕ್ಕೆ ನಡುವೆ ಖಾಲಿ. ಇಷ್ಟು ನಮಗೆ ಗೊತ್ತು. ಯಾವುದು ಸಾಧು, ಯಾವುದು ಠಕ್ಕ ಎಂದು ಬರೆದಿದ್ದ ಹಾಳೆಯನ್ನು ನೀರು ತಿಂದಿತು.

ನನಗೆ ಕಲಿಸಿದ ದುಗ್ಗಮ್ಮ ಬಣ್ಣ ನೋಡಿ ಹೇಳುತ್ತಿದ್ದರು: ಹಸಿರು ಹೊಳಪಿದ್ದರೆ ಸಾಧು. ಹಾಗೆ ಹೇಳಿ ಅವರು ಚಿಪ್ಪು ಆಯಲು ಒಂದು ಬಯಲು ತೆರೆಸಿದರು. ಇಲ್ಲೊಂದು ಕಟ್ಟಳೆಯಿದೆ, ಮೊದಲ ತುತ್ತು ಎಂದು. ಕೆಸರೋದುವವಳ ಮನೆಯ ಅತಿ ಚಿಕ್ಕ ಮಗು ಎಲ್ಲರಿಗಿಂತ ಮುಂಚೆ ಚಿಪ್ಪು ತಿನ್ನಬೇಕು, ಊರು ಎಂಟು ದಿನ ಕಾಯಬೇಕು. ವಿಷ ಎಳೆಯ ಮೈಯಲ್ಲಿ ಬೇಗ ಕಾಣುತ್ತದೆ, ಮತ್ತು ತನ್ನ ಮಗುವಿನ ಜೀವ ಪಣಕ್ಕಿಟ್ಟು ಯಾರೂ ಸುಳ್ಳು ಹೇಳುವುದಿಲ್ಲ. ದುಗ್ಗಮ್ಮನ ಮೊಮ್ಮಗನಿಗೆ ಐದನೆಯ ದಿನ ಚಮಚ ಹಿಡಿಯಲಾಗಲಿಲ್ಲ. ಏಳನೆಯ ದಿನ ಅವನು ಹೋದ. ಆ ಹುಳದ ಗಂಟಲನ್ನು ಯಾರೂ ನೋಡಿರಲಿಲ್ಲ, ಆಮೇಲೆ ಅಲ್ಲಿಗೆ ಯಾರೂ ಕಾಲಿಡಲೂ ಇಲ್ಲ. ಆ ಬಯಲನ್ನು ಮರುವರ್ಷದ ತೂಫಾನು ಬಳಿದುಕೊಂಡು ಹೋಯಿತು.

ಈಗ ಉಳಿದಿರುವುದು ಒಂದೇ ಬಯಲು. ಅಲ್ಲಿನ ಹುಳದ ಹಲ್ಲಿನ ಸಾಲು ತುಂಡಾಗದ ಸಾಲು. ಅಕ್ಕಿಯ ದೋಣಿ ಬಂದು ಎರಡು ತಿಂಗಳಾಯಿತು. ಮೊನ್ನೆ ಊರಿನ ಮುಖಂಡ, ನಮ್ಮ ಗುರಿಕಾರ ಶೀನಣ್ಣ ಬಾಗಿಲಲ್ಲೇ ನಿಂತು, “ಅಕ್ಕಣಿ, ಹೌದಾ ಅಲ್ದಾ, ಒಂದ್ ಹೇಳ್ ಕಾಂಬ. ಅಕ್ಕಿ ಹತ್ ದಿನಕ್ಕ್ ಇತ್ತ್, ಅಷ್ಟೇ,” ಎಂದರು. ಊರಲ್ಲಿ ಇನ್ನೂರ ಹದಿನಾಲ್ಕು ಜನ. ನಮ್ಮ ಮನೆಯ ಅತಿ ಚಿಕ್ಕವಳು ನನ್ನ ಮಗಳು ನೀಲು, ಅವಳಿಗೆ ಆರು ವರ್ಷ.

ನೀವು ಹುಳ ಹಾಕಿಟ್ಟ ಸೀಸೆ ನಮ್ಮಲ್ಲಿದೆ. ಒಳಗಿನ ಚೀಟಿಯಲ್ಲಿ ನೀವು ಪೆನ್ಸಿಲಿನಿಂದ ಬರೆದಿದ್ದೀರಿ: ‘ಗಂಗೊಳ್ಳಿ ಅಳಿವೆ. ಪರೀಕ್ಷಿಸಿದ ಶುದ್ಧ ಕೆಸರು. ಸುಕನ್ಯಾ ಕಾಂಚನ್, ಫೆಬ್ರವರಿ ಹದಿನಾಲ್ಕು, ಎರಡು ಸಾವಿರದ ಇಪ್ಪತ್ತಾರು.’ ಅಂದರೆ ನಿಮ್ಮ ಹುಳ ಖಂಡಿತ ಸಾಧು. ಅದರ ಗಂಟಲು ಕಂಡರೆ ಸಾಕಿತ್ತು. ಆದರೆ ನೀವು ಅದನ್ನು ಜೀವಂತವಾಗಿಯೇ ಸ್ಪಿರಿಟ್ಟಿಗೆ ಹಾಕಿದ್ದೀರಿ. ಹುಳ ಹೆದರಿ ಗಂಟಲನ್ನು ಒಳಗೆಳೆದುಕೊಂಡು ಬಾಯಿ ಮುಚ್ಚಿತು, ಮುಚ್ಚಿಕೊಂಡೇ ನಾಲ್ಕು ನೂರು ವರ್ಷ ಕೂತಿತು. ಹೋದ ವಾರ ಗಂಟಲು ನೋಡಲೆಂದು ಅದನ್ನು ಸೀಳಿದೆ. ಗಂಟಲು ಪುಡಿಯಾಯಿತು. ಹನ್ನೆರಡು ಹಲ್ಲು ತಟ್ಟೆಯಲ್ಲಿ ಚದುರಿ ಬಿದ್ದವು; ಯಾವುದು ಎಲ್ಲಿತ್ತೋ ದೇವರಿಗೇ ಗೊತ್ತು. ನಿಮ್ಮ ಮೇಲೆ ಬಂದ ಸಿಟ್ಟಿಗೆ ಅಳು ಬಂತು. ಈಗ ಸಿಟ್ಟಿಲ್ಲ, ಬೇಡಿಕೊಳ್ಳುತ್ತಿದ್ದೇನೆ.

ಈ ಕಾಗದ ಆ ಫೆಬ್ರವರಿ ಹದಿನಾಲ್ಕಕ್ಕೆ ಮುಂಚೆಯೇ ನಿಮ್ಮ ಕೈಸೇರುವಂತೆ ಕಳಿಸುತ್ತಿದ್ದೇನೆ. ಆ ದಿನ ಅವಸರ ಮಾಡಬೇಡಿ. ಹುಳವನ್ನು ತಣ್ಣನೆಯ ಕಡಲ ನೀರಿನಲ್ಲಿ ಬಿಡಿ. ನೀರಿಗೆ ನಾಲ್ಕು ಮೆಂಥಾಲ್ ಹರಳು ಉದುರಿಸಿ. ಸೂಜಿ ತಾಗಿಸಿದರೂ ಅದು ಮಿಸುಕದಷ್ಟು ಮಂಪರು ಬರಲಿ. ಒಂದು ಗಂಟೆ ಬೇಕಾದೀತು. ಆಮೇಲೆ ತಲೆಯ ಹಿಂದೆ ಬೆರಳಿನಿಂದ ಮೆಲ್ಲಗೆ ಒತ್ತಿದರೆ ಗಂಟಲು ತಾನಾಗಿ ಹೊರಬರುತ್ತದೆ. ಹಾಗೆಯೇ ಹಿಡಿದು ಸ್ಪಿರಿಟ್ಟಿಗೆ ಇಳಿಸಿ. ಚೀಟಿಯಲ್ಲಿ ಇನ್ನೊಂದು ಸಾಲು ಬರೆಯಿರಿ: ಅಡಿಯ ಹಲ್ಲಿನ ಸಾಲು ತುಂಡಾಗಿದೆಯೋ, ಇಲ್ಲವೋ. ನಿಮಗೆ ಒಂದು ಗಂಟೆಯ ಕೆಲಸ.

ಇಷ್ಟು ಬರೆಯುವಷ್ಟರಲ್ಲಿ ಇಳಿತ ಬಂತು. ಅಂಗಳದಲ್ಲಿ ಜನ ಸೇರಿದ್ದರು. ನಾನು ಹೋಗಿ ‘ಬಯಲು ತೆರೆಯಿರಿ’ ಎಂದೆ. ಸಾಧುವೆಂದು ಗೊತ್ತಿದ್ದು ಹೇಳಲಿಲ್ಲ, ಹಸಿದ ಮಕ್ಕಳ ಮುಖ ನೋಡಲಾರದೆ ಹೇಳಿದೆ. ಅಂಚೆಯವನು ಹೊಸ್ತಿಲಲ್ಲಿ ಕಾಯುತ್ತಿದ್ದಾನೆ, ನಾನು ಒಂದು ಕೈಯಲ್ಲಿ ಬರೆಯುತ್ತ ಇನ್ನೊಂದು ಕೈಯಲ್ಲಿ ಚಿಪ್ಪು ಬಿಡಿಸುತ್ತಿದ್ದೇನೆ. ನೀಲು ಎರಡು ತಿಂದಳು. “ಅಬ್ಬೀ, ಹಶು ಆತ್ತ್, ಇನ್ನೊಂದ್ ಕೊಡ್,” ಎನ್ನುತ್ತಿದ್ದಾಳೆ. ಅವಳ ಹೊಟ್ಟೆಗೆ ಹೋದದ್ದನ್ನು ನಾನು ಹಿಂದಕ್ಕೆ ತೆಗೆಯಲಾರೆ, ಸುಕನ್ಯಾ. ನಿಮಗೆ ಇನ್ನೂ ಹೊತ್ತಿದೆ.